ಹಳೆಯದರ ಲೆಕ್ಕ ಇಡುವವರು

ಪಿಯುಸಿ ಮುಗಿದ ಮೇಲೆ ಏನು ಎಂದು ನಮ್ಮ ವಾಣಿಜ್ಯ ವಿಭಾಗದಲ್ಲಿ ಯಾರನ್ನು ಕೇಳಿದರೂ ಉತ್ತರ ಮೂರರಲ್ಲಿ ಒಂದು: ಬಿ.ಕಾಂ., ಬಿ.ಬಿ.ಎ., ಇಲ್ಲವೇ ಸಿ.ಎ. ಫೌಂಡೇಶನ್. ನನ್ನ ಉತ್ತರವೂ ಅದೇ. ಆದರೂ ನಮ್ಮ ಪಟ್ಟಿಯಲ್ಲಿ ಯಾರೂ ಬರೆಯದ ಒಂದು ಕೆಲಸದ ಬಗ್ಗೆ ಈ ಸಂಚಿಕೆಗೆ ಬರೆಯುತ್ತಿದ್ದೇನೆ. ಪದವಿ ಮುಗಿಸಿ ಸ್ನಾತಕೋತ್ತರ ಓದುವ ಕೆಲವರು ವಸ್ತುಸಂಗ್ರಹಾಲಯ, ಪತ್ರಾಗಾರ, ಹಳೆಯ ಗ್ರಂಥಾಲಯ, ಕೋಟೆ, ಮಕ್ಬರಾಗಳಲ್ಲಿ ತಿಂಗಳುಗಟ್ಟಲೆ ಇಂಟರ್ನ್ ಆಗಿ ದುಡಿಯುತ್ತಾರೆ. ಹಳೆಯದನ್ನು ಹಾಳಾಗದಂತೆ ಉಳಿಸುವುದೇ ಅವರ ಓದು. ಇದು ಇತಿಹಾಸದವರ ವಿಷಯ, ಕಾಮರ್ಸ್ ಹುಡುಗಿಗೆ ಇದರಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಓದುತ್ತಾ ಹೋದಂತೆ ಇದು ಅರ್ಧಕ್ಕರ್ಧ ನಮ್ಮ ವಿಷಯವೇ ಎಂದು ನನಗೆ ಅನ್ನಿಸಿತು. ಏಕೆಂದು ಹೇಳುತ್ತೇನೆ.

ಒಂದು ಲೆಕ್ಕದಿಂದಲೇ ಶುರು ಮಾಡೋಣ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿ ದೇಶದಾದ್ಯಂತ ಮೂರೂವರೆ ಸಾವಿರಕ್ಕೂ ಹೆಚ್ಚು ಸ್ಮಾರಕಗಳಿವೆ. ಅಂಗಡಿಯಲ್ಲಿ ವರ್ಷಕ್ಕೊಮ್ಮೆ ಸ್ಟಾಕ್ ಎಣಿಸುತ್ತೇವಲ್ಲ, ಹಾಗೆಯೇ ಸಿಎಜಿ ತಂಡದವರು ಇಲಾಖೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ 1,655 ಸ್ಮಾರಕಗಳನ್ನು ಕಣ್ಣಾರೆ ನೋಡಲು ಹೊರಟರು. 2013ರಲ್ಲಿ ಬಂದ ವರದಿಯ ಪ್ರಕಾರ ಅವುಗಳಲ್ಲಿ 92 ಸಿಗಲೇ ಇಲ್ಲ. ಕಳೆದುಹೋಗಲು ಅವೇನು ಬೆಳ್ಳಿ ಲೋಟಗಳಲ್ಲ, ಕಲ್ಲು ಗಾರೆಯ ಕಟ್ಟಡಗಳು, ಗೋರಿಗಳು, ಶಾಸನಗಳು. ಆಮೇಲೆ ಇಲಾಖೆ ಮತ್ತೆ ಹುಡುಕಿ ಲೆಕ್ಕ ಒಪ್ಪಿಸಿತು: 42 ಸಿಕ್ಕವು, 14 ಊರು ಬೆಳೆದು ಅದರೊಳಗೆ ಸೇರಿಹೋದವು, 12 ಅಣೆಕಟ್ಟಿನ ನೀರಿನಲ್ಲಿ ಮುಳುಗಿದವು, 24 ಎಲ್ಲಿವೆಯೆಂದು ತಿಳಿಯಲಿಲ್ಲ. ಕೂಡಿಸಿ ನೋಡಿ, ಸರಿಯಾಗಿ 92 ಬರುತ್ತದೆ. ಲೆಕ್ಕ ತಾಳೆಯಾಯಿತು, ಸ್ಮಾರಕ ಮಾತ್ರ ಇಲ್ಲ.

ಇದಕ್ಕೆ ಒಂದು ಮುಖ್ಯ ಕಾರಣ ಹಳೆಯ ಪಟ್ಟಿಗಳಲ್ಲಿ ಸರಿಯಾದ ವಿಳಾಸವಿಲ್ಲದಿರುವುದು. ಹಳ್ಳಿಯ ಹೆಸರು ಬರೆದು ‘ಹಳೆಯ ಗೋರಿ’ ಎಂದು ಬಿಟ್ಟರೆ ನೂರು ವರ್ಷದ ನಂತರ ಹೋದವನು ಯಾವ ಗೋರಿ ಎಂದು ಹುಡುಕಬೇಕು? ಅಳತೆ ಇಲ್ಲ, ನಕ್ಷೆ ಇಲ್ಲ, ಚಿತ್ರ ಇಲ್ಲ. ನಮ್ಮ ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳಬೇಕೆಂದರೆ ನಮೂದು ಇದೆ, ವೋಚರ್ ಇಲ್ಲ. ಸಂರಕ್ಷಣೆ ಕಲಿಯಲು ಹೋದ ಇಂಟರ್ನ್‌ಗೆ ಮೊದಲ ದಿನ ಬ್ರಷ್ಷನ್ನೋ ಔಷಧಿ ಬಾಟಲಿಯನ್ನೋ ಕೊಡದೆ ರಿಜಿಸ್ಟರ್ ಏಕೆ ಕೊಡುತ್ತಾರೆಂಬುದು ಇದರಿಂದ ತಿಳಿಯುತ್ತದೆ.

ಜೀರ್ಣೋದ್ಧಾರ ಬೇರೆ, ಸಂರಕ್ಷಣೆ ಬೇರೆ

ಈ ಎರಡನ್ನೂ ನಾವು ಒಂದೇ ಅರ್ಥದಲ್ಲಿ ಆಡಿಬಿಡುತ್ತೇವೆ. ಜೀರ್ಣೋದ್ಧಾರದಲ್ಲಿ ಹಳೆಯದು ಹೊಸದರಂತೆ ಕಾಣಬೇಕೆಂಬ ಆಸೆ ಇರುತ್ತದೆ. ಬಿದ್ದ ಗೋಡೆ ಎಬ್ಬಿಸುತ್ತಾರೆ, ಬಣ್ಣ ಬಳಿಯುತ್ತಾರೆ, ನೆಲಕ್ಕೆ ಟೈಲ್ಸ್ ಹಾಕಿಸುತ್ತಾರೆ. ಸಂರಕ್ಷಣೆಯವರ ಆಸೆ ಅಷ್ಟು ದೊಡ್ಡದಲ್ಲ. ಇರುವುದು ಇನ್ನಷ್ಟು ಹಾಳಾಗಬಾರದು. ತಾವು ಸೇರಿಸಿದ್ದನ್ನು ಮುಂದೆ ಯಾರಾದರೂ ತೆಗೆಯಬೇಕೆಂದರೆ ಮೂಲಕ್ಕೆ ಪೆಟ್ಟಾಗದಂತೆ ತೆಗೆಯಲು ಬರಬೇಕು. ಏನು ಮಾಡಿದೆವು, ಏಕೆ ಮಾಡಿದೆವು ಎಂಬುದು ಕಾಗದದ ಮೇಲೆ ಇರಬೇಕು.

ದೆಹಲಿಯ ಹುಮಾಯೂನ್ ಮಕ್ಬರಾ ಇದಕ್ಕೆ ಒಳ್ಳೆಯ ಉದಾಹರಣೆ. 1993ರಿಂದ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 20ನೇ ಶತಮಾನದಲ್ಲಿ ಮಳೆನೀರು ಸೋರುತ್ತದೆಂದು ಅದರ ಛಾವಣಿಗೆ ಪದರದ ಮೇಲೆ ಪದರ ಕಾಂಕ್ರೀಟ್ ಸುರಿದಿದ್ದರು. ಆಗಿನವರ ಉದ್ದೇಶ ಒಳ್ಳೆಯದೇ ಇದ್ದೀತು, ಸಿಮೆಂಟ್ ಎಂದರೆ ಗಟ್ಟಿ ಎಂದು ಇಂದಿಗೂ ನಂಬುವವರು ನಾವು. ಆದರೆ ಸುಣ್ಣದ ಗಾರೆಯ ಕಟ್ಟಡಕ್ಕೆ ಸಿಮೆಂಟ್ ಶತ್ರು. ಸುಣ್ಣ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುತ್ತದೆ, ಅದರೊಳಗಿನ ಲವಣ ಕಲ್ಲನ್ನು ತಿನ್ನುತ್ತದೆ. ಆಗಾ ಖಾನ್ ಸಂಸ್ಕೃತಿ ಟ್ರಸ್ಟಿನವರು ಪುರಾತತ್ತ್ವ ಇಲಾಖೆಯ ಜೊತೆಗೂಡಿ ಕೆಲಸ ಹಿಡಿದಾಗ ಛಾವಣಿಯಿಂದ ಇಳಿಸಿದ ಕಾಂಕ್ರೀಟಿನ ತೂಕ ಸುಮಾರು ಹತ್ತು ಲಕ್ಷ ಕಿಲೋ. ಅದರ ಜಾಗದಲ್ಲಿ ಮತ್ತೆ ಸುಣ್ಣದ ಗಾರೆ ಬಂತು. ಬೆಲ್ಲ, ಬಿಲ್ವದ ಹಣ್ಣಿನ ತಿರುಳು, ಉದ್ದಿನಬೇಳೆ, ಮೊಟ್ಟೆಯ ಬಿಳಿ ಸೇರಿಸಿ ಹಳೆಯ ಕ್ರಮದಲ್ಲೇ ಗಾರೆ ಹದ ಮಾಡಿದರು. ಛತ್ರಿಗಳ ಬಣ್ಣದ ಹೆಂಚುಬಿಲ್ಲೆ ಮಾಡುವ ವಿದ್ಯೆ ಇಲ್ಲಿ ಮರೆತೇ ಹೋಗಿದ್ದರಿಂದ ಉಜ್ಬೇಕಿಸ್ತಾನದಿಂದ ಕುಶಲಕರ್ಮಿಗಳನ್ನು ಕರೆಸಿ ಪಕ್ಕದ ನಿಜಾಮುದ್ದೀನ್ ಬಸ್ತಿಯ ಯುವಕರಿಗೆ ಕಲಿಸಿದರು. 2013ರಲ್ಲಿ ಕೆಲಸ ಮುಗಿಯಿತು.

ಈ ಎಲ್ಲದಕ್ಕೂ ಮುಂಚೆ ಕಟ್ಟಡವನ್ನು ಲೇಸರ್ ಸ್ಕ್ಯಾನ್ ಮಾಡಿ ಅಳೆದಿದ್ದರು. ವಾಸ್ತುಶಿಲ್ಪ ಸಂರಕ್ಷಣೆ ಓದುವವರು ಇಂಥ ಕೆಲಸಗಳಿಗೆ ಇಂಟರ್ನ್ ಆಗಿ ಹೋದರೆ ಅವರ ಪಾಲಿಗೆ ಬರುವುದು ಹೆಚ್ಚಾಗಿ ಇದೇ: ಅಳೆಯುವುದು, ಪ್ರತಿ ಕಲ್ಲಿಗೂ ಸಂಖ್ಯೆ ಕೊಡುವುದು, ಯಾವ ಕಲ್ಲು ಬಿರುಕು ಬಿಟ್ಟಿದೆ, ಯಾವುದು ಹಿಂದೆ ಯಾರೋ ಬದಲಾಯಿಸಿದ್ದು ಎಂದು ನಕ್ಷೆಯಲ್ಲಿ ಗುರುತು ಹಾಕುವುದು. ಬಿಸಿಲಿನಲ್ಲಿ ನಿಂತು ಮಾಡುವ ಬೇಸರದ ಕೆಲಸ ಅದು, ಆದರೆ ಅದಿಲ್ಲದೆ ಗಾರೆ ಕಲಸುವಂತಿಲ್ಲ.

ಇಂಟರ್ನ್ ದಿನವಿಡೀ ಏನು ಮಾಡುತ್ತಾರೆ?

ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವ ಒಂದು ಪ್ರಸಿದ್ಧ ಜಾಗ ಅಮೆರಿಕದ ಡೆಲಾವೇರ್ ರಾಜ್ಯದಲ್ಲಿದೆ. ಡೆಲಾವೇರ್ ವಿಶ್ವವಿದ್ಯಾಲಯವೂ ವಿಂಟರ್‌ಥರ್ ವಸ್ತುಸಂಗ್ರಹಾಲಯವೂ ಸೇರಿ 1974ರಲ್ಲಿ ಶುರು ಮಾಡಿದ ಸ್ನಾತಕೋತ್ತರ ಕೋರ್ಸು ಅದು. ಅವಧಿ ಮೂರು ವರ್ಷ. ವರ್ಷಕ್ಕೆ ಸುಮಾರು ಹತ್ತೇ ಮಂದಿಯನ್ನು ತೆಗೆದುಕೊಳ್ಳುತ್ತಾರೆ. ಸೇರಬೇಕಾದರೆ ಕಲೆಯ ಇತಿಹಾಸ ಗೊತ್ತಿರಬೇಕು, ಕೈಯಲ್ಲಿ ಚಿತ್ರವೋ ಹೊಲಿಗೆಯೋ ಮರಗೆಲಸವೋ ಇರಬೇಕು, ರಸಾಯನಶಾಸ್ತ್ರವನ್ನೂ ಓದಿರಬೇಕು. (ಕಾಮರ್ಸಿನವರಿಗೆ ಬಾಗಿಲು ಮುಚ್ಚಿತು ಎಂದು ಇಲ್ಲೇ ಲೇಖನ ಬಿಡಬೇಡಿ, ಮುಂದೆ ಇದೆ.) ಮೊದಲ ವರ್ಷ ಕಾಗದ, ಬಟ್ಟೆ, ಲೋಹ, ಮರ, ವರ್ಣಚಿತ್ರ, ಫೋಟೋ ಹೀಗೆ ಒಂದೊಂದನ್ನೂ ಸ್ವಲ್ಪ ಸ್ವಲ್ಪ ಕಲಿಯುತ್ತಾರೆ. ಎರಡನೆಯ ವರ್ಷ ಒಂದನ್ನು ಆರಿಸಿಕೊಳ್ಳುತ್ತಾರೆ. ಮೂರನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್, ಯಾವುದಾದರೂ ವಸ್ತುಸಂಗ್ರಹಾಲಯದ ಪ್ರಯೋಗಾಲಯದಲ್ಲಿ. ಡಾಕ್ಟರಿಕೆ ಓದಿದವರು ಆಸ್ಪತ್ರೆಯಲ್ಲಿ ಹೌಸ್‌ಸರ್ಜನ್ ಆಗುವಂತೆ.

ಈಗ ಒಂದು ಹಳೆಯ ಕಾಗದ ಅಂಥ ಇಂಟರ್ನ್‌ನ ಮೇಜಿಗೆ ಬಂತು ಎಂದುಕೊಳ್ಳಿ. ಮೊದಲ ಕೆಲಸ ಕಾಗದದ ಗುರುತಿನ ಸಂಖ್ಯೆ ನೋಡುವುದು. ಸಂಗ್ರಹಾಲಯಕ್ಕೆ ಬಂದ ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಇರುತ್ತದೆ, ಎಂದು ಬಂತು, ಯಾರು ಕೊಟ್ಟರು, ದಾನವೋ ಖರೀದಿಯೋ ಎಂದು ರಿಜಿಸ್ಟರಿನಲ್ಲಿ ಬರೆದಿರುತ್ತಾರೆ. ಆಮೇಲೆ ಫೋಟೋ. ಒಮ್ಮೆ ಮಾಮೂಲಿ ಬೆಳಕಿನಲ್ಲಿ, ಒಮ್ಮೆ ಒಂದೇ ಪಕ್ಕದಿಂದ ಅಡ್ಡಲಾಗಿ ಬೆಳಕು ಬಿಟ್ಟು. ಅಡ್ಡ ಬೆಳಕಿನಲ್ಲಿ ಕಾಗದದ ಪ್ರತಿ ಮಡಿಕೆಯೂ ಏರಿಳಿತವೂ ಬೆಟ್ಟ ಕಣಿವೆಯಂತೆ ಎದ್ದು ಕಾಣುತ್ತದಂತೆ. ನೇರಳಾತೀತ ಬೆಳಕಿನಲ್ಲಿ ಹಳೆಯ ಕಲೆ, ಹಿಂದೆ ಹಚ್ಚಿದ ಅಂಟು ಹೊಳೆದು ತಾವೇ ಸುಳಿವು ಕೊಡುತ್ತವೆ.

ನಂತರ ಸ್ಥಿತಿಯ ವರದಿ. ಉದ್ದ ಅಗಲ ಎಷ್ಟು, ಕಾಗದ ಎಂಥದು, ಶಾಯಿ ಯಾವುದು, ಎಲ್ಲೆಲ್ಲಿ ಹರಿದಿದೆ, ಎಷ್ಟು ತೂತು, ಅದು ಹುಳು ತಿಂದ ತೂತೋ ಶಾಯಿ ಸುಟ್ಟ ತೂತೋ. ಹೌದು, ಶಾಯಿಯೂ ಸುಡುತ್ತದೆ. ಹಿಂದೆ ಮರದ ಕಾಯಿಯ ಒಗರಿನ ಜೊತೆ ಕಬ್ಬಿಣದ ಲವಣ ಕೂಡಿಸಿ ಮಾಡುತ್ತಿದ್ದ ಶಾಯಿ ಕಾಲಕ್ರಮದಲ್ಲಿ ಕಾಗದವನ್ನೇ ತಿಂದು ಅಕ್ಷರದ ಆಕಾರದಲ್ಲಿ ತೂತು ಮಾಡುತ್ತದೆ. ವರದಿ ಆದ ಮೇಲೆ ಚಿಕಿತ್ಸೆಯ ಪ್ರಸ್ತಾವ, ಅದಕ್ಕೆ ಮೇಲಿನವರ ಒಪ್ಪಿಗೆ. ಶಾಯಿ ನೀರಿಗೆ ಕರಗುತ್ತದೆಯೇ ಎಂದು ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟು ಹನಿ ಇಟ್ಟು ಪರೀಕ್ಷೆ. ಇಷ್ಟೆಲ್ಲ ಆದ ಮೇಲೆ ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯುವುದು, ಹರಿದ ಕಡೆ ತೆಳುವಾದ ಜಪಾನಿ ಕಾಗದವನ್ನು ಗೋಧಿ ಗಂಜಿಯ ಅಂಟಿನಿಂದ ಕೂಡಿಸುವುದು. ಗಂಜಿಯೇ ಏಕೆ? ನೀರು ಸೋಕಿಸಿದರೆ ಅದು ಮತ್ತೆ ಬಿಡುತ್ತದೆ. ನಮ್ಮ ಸೆಲ್ಲೋಟೇಪ್ ಬಿಡುವುದಿಲ್ಲ, ಬಿಟ್ಟರೂ ಅದರ ಹಳದಿ ಅಂಟು ಕಾಗದದೊಳಗೆ ಇಳಿದಿರುತ್ತದೆ.

ಲ್ಯಾಮಿನೇಷನ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಮುಖ್ಯ ಕಾಗದ ಎಂದರೆ ಅದನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಬಿಸಿ ಪ್ಲಾಸ್ಟಿಕ್ಕಿನೊಳಗೆ ಹಾಕಿಸುವುದೇ ಜಾಣತನ. ತಜ್ಞರೂ ಒಂದು ಕಾಲದಲ್ಲಿ ಹಾಗೆ ಯೋಚಿಸಿದವರೇ. ಯಂತ್ರವಿಲ್ಲದೆ ಅಸಿಟೋನ್ ದ್ರವದಿಂದ ಕಾಗದಕ್ಕೆ ತೆಳುವಾದ ಹಾಳೆ ಅಂಟಿಸುವ ವಿಧಾನವನ್ನು 1950ರ ದಶಕದಲ್ಲಿ ದೆಹಲಿಯ ನಮ್ಮ ರಾಷ್ಟ್ರೀಯ ಪತ್ರಾಗಾರದಲ್ಲೇ ಕಂಡುಹಿಡಿದರು, ಬೇರೆ ದೇಶದವರೂ ಅದನ್ನು ಕಲಿತರು. ವರ್ಷಗಳು ಕಳೆದ ಮೇಲೆ, ಅಂಟಿಸಿದ್ದನ್ನು ಬಿಡಿಸುವುದು ಎಷ್ಟು ಕಷ್ಟ ಎಂದು ಗೊತ್ತಾಗಿ ಸಂರಕ್ಷಕರು ಲ್ಯಾಮಿನೇಷನ್‌ನಿಂದ ದೂರ ಸರಿದರು. ಆಗ ಏನು ಬಳಸಿದ್ದೆವೆಂದು ಬರೆದಿಟ್ಟಿದ್ದರಿಂದ ಈಗಿನವರಿಗೆ ಏನು ಬಿಡಿಸಬೇಕೆಂದಾದರೂ ಗೊತ್ತು.

ಕೆಸರಿನ ಫರಿಶ್ತೆಗಳು

ಕಾಗದ ಉಳಿಸುವ ವಿದ್ಯೆ ಒಂದು ಪ್ರವಾಹದಿಂದ ಬೆಳೆಯಿತು ಎಂದರೆ ತಪ್ಪಿಲ್ಲ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆರ್ನೋ ನದಿ ಉಕ್ಕಿತು. ನದಿಯ ದಡದಲ್ಲೇ ಇದ್ದ ರಾಷ್ಟ್ರೀಯ ಗ್ರಂಥಾಲಯದೊಳಗೆ ನೀರು ನುಗ್ಗಿ ಹತ್ತು ಲಕ್ಷಕ್ಕೂ ಹೆಚ್ಚು ಪುಸ್ತಕ, ಪತ್ರಿಕೆಗಳು ಕೆಸರಾದವು. ನೀರಿಗೆ ಕೊಚ್ಚಿಬಂದ ಎಣ್ಣೆಯೂ ಸೇರಿತ್ತು. ಇಟಲಿಯ ಬೇರೆ ಊರುಗಳಿಂದ, ಬೇರೆ ದೇಶಗಳಿಂದ ವಿದ್ಯಾರ್ಥಿಗಳು ಬಂದು ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕ ದಾಟಿಸಿದರು. ಅಲ್ಲಿಯ ಜನ ಅವರನ್ನು ಕೆಸರಿನ ದೇವದೂತರು ಎಂದು ಕರೆದರು. ನಮ್ಮ ಮನೆಯ ಮಾತಿನಲ್ಲಿ ಕೆಸರಿನ ಫರಿಶ್ತೆಗಳು. ಒದ್ದೆ ಪುಸ್ತಕಗಳಿಗೆ ಮರದ ಹೊಟ್ಟು ಹಾಕಿ ನೀರು ಹೀರಿಸಿದರು, ಲಾರಿಗಳಲ್ಲಿ ತುಂಬಿ ತಂಬಾಕು ಒಣಗಿಸುವ ಗೂಡುಗಳಿಗೆ ಕಳಿಸಿದರು.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಕಾರ್ಡು. ಇಂಗ್ಲೆಂಡಿನಿಂದ ಬಂದ ಪೀಟರ್ ವಾಟರ್ಸ್ ಎಂಬ ಪುಸ್ತಕ ಸಂರಕ್ಷಕರು ಮತ್ತು ಅವರ ಸಂಗಡಿಗರು ಕೆಲಸಕ್ಕೆ ನಿಂತಾಗ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಪುಸ್ತಕಗಳೋ ರಾಶಿ ರಾಶಿ. ಆಗ ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು ಮಾಡಿದರು. ತೊಳೆಯಬೇಕು, ಒಣಗಿಸಬೇಕು, ಹೊಲಿಗೆ ಬಿಚ್ಚಬೇಕು ಎಂಬುದಕ್ಕೆಲ್ಲ ಅದರಲ್ಲಿ ಚಿಹ್ನೆಗಳು. ಇಟಲಿಯ ಕೆಲಸಗಾರ, ಇಂಗ್ಲೆಂಡಿನ ವಿದ್ಯಾರ್ಥಿ ಯಾರು ನೋಡಿದರೂ ಈ ಪುಸ್ತಕಕ್ಕೆ ಏನಾಗಿದೆ, ಮುಂದೆ ಏನಾಗಬೇಕು ಎಂದು ತಿಳಿಯುತ್ತಿತ್ತು. ಪುಸ್ತಕ ಎಲ್ಲಿಗೆ ಹೋದರೂ ಕಾರ್ಡು ಜೊತೆಗೆ. ವೋಚರ್ ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು. ವಾಟರ್ಸ್ ಮುಂದೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಸಂರಕ್ಷಣಾ ವಿಭಾಗದ ಮುಖ್ಯಸ್ಥರಾದರು. ಫ್ಲಾರೆನ್ಸಿನ ಕೆಸರಿನಲ್ಲಿ ಕಲಿತವರು ಹೀಗೆ ಬೇರೆ ಬೇರೆ ಕಡೆ ಗುರುಗಳಾದರು.

ನಮ್ಮ ಪಾಲು

ಈಗ ನಮ್ಮ ಕಡೆಗೆ ಬರುತ್ತೇನೆ. ಕಾಮರ್ಸಿನವರಿಗೆ ಈ ಕ್ಷೇತ್ರದಲ್ಲಿ ಜಾಗ ಎಲ್ಲಿ? ವಸ್ತುಸಂಗ್ರಹಾಲಯದಲ್ಲಿ ರಿಜಿಸ್ಟ್ರಾರ್ ಎಂಬ ಹುದ್ದೆ ಇರುತ್ತದೆ. ಯಾವ ವಸ್ತು ಎಲ್ಲಿದೆ, ಪ್ರದರ್ಶನಕ್ಕೆ ಕಡ ಹೋದದ್ದು ಯಾವಾಗ ಮರಳಬೇಕು, ದಾರಿಯಲ್ಲಿ ಅದಕ್ಕೆ ಎಷ್ಟು ವಿಮೆ, ಕಡ ಕೊಡುವಾಗಿನ ಸ್ಥಿತಿಗೂ ಮರಳಿದಾಗಿನ ಸ್ಥಿತಿಗೂ ಏನು ವ್ಯತ್ಯಾಸ, ಇದೆಲ್ಲ ಅವರ ಜವಾಬ್ದಾರಿ. ಅನುದಾನಕ್ಕೆ ಅಂದಾಜುಪಟ್ಟಿ ಮಾಡುವವರು, ಖರ್ಚಿನ ಲೆಕ್ಕ ಒಪ್ಪಿಸುವವರೂ ಬೇಕು.

ಇದರಲ್ಲಿ ನಮ್ಮ ಪಾಠಕ್ಕಿಂತ ಸ್ವಾರಸ್ಯದ ಪ್ರಶ್ನೆಗಳಿವೆ. ಮೇಜು, ಕುರ್ಚಿ, ಯಂತ್ರಕ್ಕೆ ವರ್ಷ ವರ್ಷ ಸವಕಳಿ ಹಾಕುತ್ತೇವೆ. ನಾನೂರು ವರ್ಷದ ಹಸ್ತಪ್ರತಿಗೆ ಸವಕಳಿ ಹಾಕುವುದು ಹೇಗೆ? ಅದು ಆಸ್ತಿಯೇ? ಆಸ್ತಿಯಾದರೆ ಬೆಲೆ ಎಷ್ಟು? ಅಮೆರಿಕದ ಲೆಕ್ಕಪತ್ರ ಮಾನದಂಡ ಮಂಡಳಿ 1993ರಲ್ಲಿ ಹೊರಡಿಸಿದ 116ನೇ ಮಾನದಂಡ ಇದಕ್ಕೆ ಒಂದು ಉತ್ತರ ಕೊಟ್ಟಿತು. ಸಂಗ್ರಹವನ್ನು ಲಾಭಕ್ಕಲ್ಲದೆ ಜನರಿಗಾಗಿ ಇಟ್ಟುಕೊಂಡಿದ್ದರೆ, ಅದನ್ನು ಕಾಪಾಡುತ್ತಿದ್ದರೆ, ಮಾರಿದ ಹಣವನ್ನು ಸಂಗ್ರಹಕ್ಕೇ ಹಾಕುವ ನಿಯಮವಿದ್ದರೆ, ಅದನ್ನು ಆಸ್ತಿಯ ಪಟ್ಟಿಯಲ್ಲಿ ಬೆಲೆ ಕಟ್ಟಿ ತೋರಿಸಬೇಕಾಗಿಲ್ಲ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಬೆಲೆ ಬರೆಯದ ವಸ್ತು ಕಳೆದರೆ ನಷ್ಟವನ್ನು ಎಲ್ಲಿ ತೋರಿಸುವುದು? ಇದನ್ನು ನಮ್ಮ ಲೆಕ್ಕಶಾಸ್ತ್ರದ ಮೇಡಂ ಅವರಿಗೆ ಕೇಳಿದೆ. ತರಗತಿಯಲ್ಲಿ ಒಂದು ಪೀರಿಯಡ್ ಚರ್ಚೆಯಾಯಿತು, ತೀರ್ಮಾನ ಆಗಲಿಲ್ಲ.

ವ್ಯವಹಾರ ಅಧ್ಯಯನದವರು ಆಗಾಗ ಕೌಟಿಲ್ಯನ ಹೆಸರು ಹೇಳುತ್ತೇವೆ. ಅವನ ಅರ್ಥಶಾಸ್ತ್ರ ನಮಗೆ ಸಿಕ್ಕಿದ್ದೇ ಹಸ್ತಪ್ರತಿ ಕಾಯುವವರಿಂದ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಗರಿಯ ಪ್ರತಿಯನ್ನು ಅಲ್ಲಿಯ ಆರ್. ಶಾಮಾಶಾಸ್ತ್ರಿಗಳು ಓದಿ ಗುರುತಿಸಿದರು, 1909ರಲ್ಲಿ ಅಚ್ಚು ಮಾಡಿದರು.

ಉರ್ದು ಮನೆಮಾತಿನ ನಮ್ಮಂಥವರ ಪಾಲು ಇನ್ನೊಂದಿದೆ. ಕಲಬುರಗಿ, ಬೀದರ್, ರಾಯಚೂರು ಕಡೆಯೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ 1884ರಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಯಿತು. ಹೊಲದ ಕಾಗದ, ಮನೆಯ ಕಾಗದ, ಕೋರ್ಟಿನ ತೀರ್ಪು ಎಲ್ಲ ಉರ್ದುವಿನಲ್ಲಿ. ಇಂದಿಗೂ ಆಸ್ತಿಯ ವ್ಯಾಜ್ಯ ಬಂದರೆ ಆ ಕಾಗದಗಳೇ ಬೇಕು. ನಮ್ಮ ತಾಯಿಯ ಕಡೆಯ ಮನೆಯ ಪಾಲಿನ ಮಾತು ಬಂದಾಗ ಒಂದು ಹಳೆಯ ಕಾಗದ ಓದಿಸಲು ಅಬ್ಬಾ ಮೂರು ಕಡೆ ಅಲೆದರು. ಉರ್ದು ಓದಬಲ್ಲವರು ಬೇಕಾದಷ್ಟು ಜನ ಇದ್ದರು, ಆದರೆ ಅದು ಶಿಕಸ್ತ ಬರಹ. ಚುಕ್ಕೆಗಳನ್ನು ಬಿಟ್ಟು, ಅಕ್ಷರಗಳನ್ನು ಮುರಿದು ಒಂದಕ್ಕೊಂದು ಕೂಡಿಸಿ ಓಡುವ ಕೈಬರಹ. ಕೊನೆಗೆ ನಿವೃತ್ತ ಗುಮಾಸ್ತರೊಬ್ಬರು ಎರಡು ಸಂಜೆ ಕುಳಿತು ಓದಿಕೊಟ್ಟರು. ಅವರ ವಯಸ್ಸು ಎಂಬತ್ತರ ಮೇಲೆ. ಹೈದರಾಬಾದಿನ ರಾಜ್ಯ ಪತ್ರಾಗಾರದಲ್ಲಿ ಶಹಜಹಾನ್, ಔರಂಗಜೇಬರ ಕಾಲದ ಫಾರ್ಸಿ ಕಾಗದಗಳೇ ಒಂದು ಲಕ್ಷಕ್ಕೂ ಹೆಚ್ಚಿವೆ. ಕಾಗದ ಉಳಿಸುವವರು ಸಿಕ್ಕರೂ ಓದುವವರು ಸಿಗಬೇಕಲ್ಲ.

ಇನ್ನು ಅಂಕಿಗಳ ವಿಷಯ. ನಮ್ಮ ಪರ್‌ದಾದಾ ಒಂದು ತೊಗರಿ ಅಡತಿ ಅಂಗಡಿಯಲ್ಲಿ ಮುನೀಮರಾಗಿದ್ದರು. ಅವರ ಕೈಬರಹದ ಒಂದು ಕಿರ್ದಿ ಪುಸ್ತಕ ದಾದಿಯ ಟ್ರಂಕಿನಲ್ಲಿ ಬೇವಿನ ಎಲೆಗಳ ನಡುವೆ ಇದೆ. ಕೆಂಪು ಬಟ್ಟೆಯ ರಟ್ಟು, ಉದ್ದುದ್ದ ಹಾಳೆ. ಹೆಸರುಗಳನ್ನು ಅಬ್ಬಾ ಓದುತ್ತಾರೆ. ಮೊತ್ತಗಳನ್ನು ಓದಲಾರರು, ಏಕೆಂದರೆ ಅವು ನಾವು ಬಲ್ಲ ಯಾವ ಅಂಕಿಯೂ ಅಲ್ಲ. ದಾದಿ ಅದಕ್ಕೆ ‘ರಕಮ್’ ಎನ್ನುತ್ತಾರೆ. ಪುಸ್ತಕಗಳಲ್ಲಿ ಸಿಯಾಕ್ ಎಂಬ ಹೆಸರಿದೆ. ಸಂಖ್ಯೆಗಳ ಅರಬ್ಬಿ ಹೆಸರುಗಳನ್ನೇ ಕುಗ್ಗಿಸಿ, ಬಗ್ಗಿಸಿ ಮಾಡಿದ ಗುರುತುಗಳು ಅವು. ಬಿಡಿಗೆ ಬೇರೆ, ಹತ್ತಕ್ಕೆ ಬೇರೆ, ನೂರಕ್ಕೆ ಬೇರೆ, ಸಾವಿರಕ್ಕೆ ಬೇರೆ. ಹಿಂದುಸ್ತಾನದ ಕ್ರಮದಲ್ಲಿ ಲಕ್ಷ, ಕೋಟಿಗೂ ಗುರುತುಗಳಿವೆ. ಸೊನ್ನೆ ಮಾತ್ರ ಇಲ್ಲ. ಸೊನ್ನೆ ಇಲ್ಲದ್ದರಿಂದ ಬರೆದ ಮೊತ್ತದ ಮುಂದೆ ಒಂದು ಸೊನ್ನೆ ಎಳೆದು ಹತ್ತನ್ನು ನೂರು ಮಾಡಲು ಬರುವುದಿಲ್ಲ. ಚೆಕ್ಕಿನಲ್ಲಿ ಮೊತ್ತವನ್ನು ಅಕ್ಷರದಲ್ಲೂ ಬರೆಯಿರಿ ಎಂದು ನಮಗೆ ಕಲಿಸುವುದು ಇದೇ ಕಾರಣಕ್ಕೆ. ಮೊಘಲರ ದಫ್ತರುಗಳಿಂದ ಹಿಡಿದು ಕಳೆದ ಶತಮಾನದ ಮಧ್ಯದವರೆಗೂ ಈ ಅಂಕಿಗಳು ನಡೆದವು. ಆಮೇಲೆ ಮರೆತುಹೋದವು. 2018ರಲ್ಲಿ ಕಂಪ್ಯೂಟರಿನ ಯೂನಿಕೋಡ್‌ಗೆ ಹಿಂದುಸ್ತಾನದ ಸಿಯಾಕ್ ಅಂಕಿಗಳನ್ನು ಸೇರಿಸಿದ್ದಾರೆ. ಟೈಪ್ ಮಾಡಲು ಈಗ ಅವಕಾಶ ಉಂಟು, ಓದಲು ಬರುವ ಲೆಕ್ಕಿಗರು ಅಪರೂಪ.

ಲೆಕ್ಕವನ್ನು ನಮ್ಮ ಹಿರಿಯರು ಎಷ್ಟು ಗೌರವಿ‌ಸುತ್ತಿದ್ದರು ಎಂಬುದಕ್ಕೆ ವಿಜಯಪುರಕ್ಕೆ ಹೋದವರು ಇಬ್ರಾಹಿಂ ರೋಜಾ ನೋಡಬೇಕು. ಆ ಕಟ್ಟಡದ ಫಾರ್ಸಿ ಶಾಸನದಲ್ಲಿ ಮೇಲ್ವಿಚಾರಣೆ ಮಾಡಿದ ಮಲಿಕ್ ಸಂದಲ್‌ನ ಹೆಸರಿದೆ, ಖರ್ಚೂ ಇದೆ: ಒಂದೂವರೆ ಲಕ್ಷ ಹುನ್, ಮೇಲೆ 900. ಮೇಲಿನ 900ನ್ನೂ ಬಿಡಲಿಲ್ಲ ನೋಡಿ. ಹುನ್ ಎಂದರೆ ನಮ್ಮ ಕನ್ನಡದ ಹೊನ್ನು. ಫಾರ್ಸಿ ಬರಹದ ಗೋಡೆಯಲ್ಲಿ ಕನ್ನಡದ ನಾಣ್ಯ.

ಹಣದ ಪ್ರಶ್ನೆ

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: “ಬೇಟಾ, ಇಂಟರ್ನ್ ಎಂದರೆ ಸಂಬಳ ಕೊಡುತ್ತಾರೋ, ನಾವೇ ಕೊಡಬೇಕೋ?” ನಗುವಂಥ ಪ್ರಶ್ನೆಯಲ್ಲ ಅದು. ಬಹಳ ಕಾಲ ವಸ್ತುಸಂಗ್ರಹಾಲಯಗಳ ಇಂಟರ್ನ್‌ಶಿಪ್‌ಗೆ ಸಂಬಳವೇ ಇರುತ್ತಿರಲಿಲ್ಲ. ಅನುಭವವೇ ಕೂಲಿ ಎನ್ನುತ್ತಿದ್ದರು. ಆದರೆ ದೊಡ್ಡ ಊರಿನಲ್ಲಿ ಆರು ತಿಂಗಳು ಇದ್ದು ಕಲಿಯಬೇಕಾದರೆ ಬಾಡಿಗೆ ಇದೆ, ಊಟ ಇದೆ, ಓಡಾಟ ಇದೆ. ಸಂಗ್ರಹಾಲಯದ ಪುಸ್ತಕದಲ್ಲಿ ಆ ಖರ್ಚು ಕಾಣುವುದಿಲ್ಲ, ಯಾವುದೋ ಊರಿನ ತಂದೆಯ ಪುಸ್ತಕದಲ್ಲಿ ಕಾಣುತ್ತದೆ. ಕೊಡಬಲ್ಲ ತಂದೆಯ ಮಕ್ಕಳಷ್ಟೇ ಒಳಗೆ ಹೋಗುತ್ತಾರೆ, ಮುಂದೆ ಏನನ್ನು ಉಳಿಸಬೇಕು ಎಂದು ತೀರ್ಮಾನಿಸುವವರೂ ಅವರೇ ಆಗುತ್ತಾರೆ. ಮುನೀಮನ ಕಿರ್ದಿ ಪುಸ್ತಕ ಉಳಿಸಲು ಯೋಗ್ಯ ಎಂದು ಯಾರಿಗೆ ಅನ್ನಿಸಬೇಕು?

ಇದು ಅಲ್ಲಿಯವರಿಗೂ ಅರ್ಥವಾಗಿದೆ. ಅಮೆರಿಕದ ಕಲಾ ವಸ್ತುಸಂಗ್ರಹಾಲಯಗಳ ನಿರ್ದೇಶಕರ ಸಂಘ 2019ರಲ್ಲಿ ಇಂಟರ್ನ್‌ಗಳಿಗೆ ಸಂಬಳ ಕೊಡಲೇಬೇಕು ಎಂದು ತನ್ನ ಸದಸ್ಯರಿಗೆ ಕರೆ ಕೊಟ್ಟು ನಿರ್ಣಯ ಮಾಡಿತು. ಲಾಸ್ ಏಂಜಲೀಸ್‌ನ ಗೆಟ್ಟಿ ಸಂಸ್ಥೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸ್ಟೈಪೆಂಡ್ ಸಹಿತ ಇಂಟರ್ನ್‌ಶಿಪ್ ಕೊಡುತ್ತದೆ. ಈ ಕ್ಷೇತ್ರದಲ್ಲಿ ಕಾಣದ ಸಮುದಾಯಗಳ ಪದವಿ ವಿದ್ಯಾರ್ಥಿಗಳಿಗೆಂದೇ 1993ರಲ್ಲಿ ಇನ್ನೊಂದನ್ನು ಶುರು ಮಾಡಿತು. ಡೆಲಾವೇರ್‌ನ ಆ ಹತ್ತು ಮಂದಿಗೂ ಶುಲ್ಕದ ನೆರವು, ಸ್ಟೈಪೆಂಡ್ ಇದೆ. ನಮ್ಮ ದೇಶದಲ್ಲಿ ಇಂಥ ಅವಕಾಶಕ್ಕೆ ಅರ್ಜಿ ಹಾಕುವವರು ನಾಚಿಕೊಳ್ಳದೆ ಮೊದಲು ಕೇಳಬೇಕಾದ್ದು ಅಬ್ಬಾ ಕೇಳಿದ ಪ್ರಶ್ನೆಯನ್ನೇ.

ಆಸಕ್ತಿ ಇದ್ದವರಿಗೆ ದಾರಿಗಳು ಇಷ್ಟು. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದೊಳಗೆ 1989ರಲ್ಲಿ ಶುರುವಾದ ಸಂಸ್ಥೆ ಈಗ ಭಾರತೀಯ ಪರಂಪರಾ ಸಂಸ್ಥಾನ ಎಂಬ ಹೆಸರಿನಲ್ಲಿ ನೋಯ್ಡಾದಲ್ಲಿದೆ. ಅಲ್ಲಿ ಸಂರಕ್ಷಣೆ, ಕಲೆಯ ಇತಿಹಾಸ, ವಸ್ತುಸಂಗ್ರಹಾಲಯ ಶಾಸ್ತ್ರಗಳಲ್ಲಿ ಸ್ನಾತಕೋತ್ತರ ಓದಬಹುದು. ರಾಷ್ಟ್ರೀಯ ಪತ್ರಾಗಾರದಲ್ಲಿ ದಾಖಲೆ ನಿರ್ವಹಣೆಯ ಡಿಪ್ಲೊಮಾ ಇದೆ, ಕಾಗದ ದುರಸ್ತಿಯ ಕಿರು ತರಬೇತಿಗಳೂ ಇವೆ. 1984ರಲ್ಲಿ ಹುಟ್ಟಿದ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲೇ ಇದೆ. ಪ್ರತಿಯೊಂದಕ್ಕೂ ಅರ್ಹತೆ ಬೇರೆ ಬೇರೆ, ಸೇರುವ ಮೊದಲು ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಬಿ.ಕಾಂ. ಮಾಡುತ್ತಲೇ ಉರ್ದು ಅಥವಾ ಫಾರ್ಸಿಯನ್ನು ಒಂದು ಭಾಷೆಯಾಗಿ ತೆಗೆದುಕೊಳ್ಳುವುದು ನನ್ನ ಯೋಜನೆ.

ಸದ್ಯಕ್ಕೆ ನಾನು ಪರ್‌ದಾದಾ ಅವರ ಕಿರ್ದಿಯ ಪಟ್ಟಿ ಮಾಡುತ್ತಿದ್ದೇನೆ. ಹಾಳೆಯ ಮೇಲೆ ಏನೂ ಬರೆಯದೆ ಬೇರೆ ನೋಟ್‌ಬುಕ್ಕಿನಲ್ಲಿ ಹಾಳೆಯ ಸಂಖ್ಯೆ, ಅಳತೆ, ಎಷ್ಟು ತೂತು, ಎಲ್ಲಿ ಹರಿದಿದೆ ಎಂದು ಬರೆಯುತ್ತೇನೆ. ಕಿಟಕಿಯ ಪಕ್ಕ ಇಟ್ಟು ಅಡ್ಡ ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆಯುತ್ತೇನೆ. ಒಟ್ಟು 116 ಹಾಳೆಗಳಲ್ಲಿ 31 ಆಗಿವೆ. ಬಿಡಿ, ಹತ್ತು, ನೂರರ ಗುರುತುಗಳನ್ನು ದಾದಿ ಹೇಳಿಕೊಡುತ್ತಾರೆ. ಮಾವನವರು ಬರೆಯುವಾಗ ಪಕ್ಕದಲ್ಲಿ ಕೂತು ನೋಡಿದ್ದರಂತೆ. ಸಾವಿರದ ಮೇಲಿನದು ಅವರಿಗೆ ನೆನಪಿಲ್ಲ. 14ನೇ ಹಾಳೆಯಲ್ಲಿ ಅಂಥ ಮೊತ್ತ ಮೂರು ಕಡೆ ಇದೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳ ಮನೆಯಲ್ಲಾಗಲಿ, ಅಧ್ಯಾಪಕರ ಮನೆಯಲ್ಲಾಗಲಿ ರಕಮ್ ಓದಬಲ್ಲ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಹಾಳೆಯ ಫೋಟೋ ಪ್ರತಿಯನ್ನು ಗ್ರಂಥಾಲಯದಲ್ಲಿ ಕೊಟ್ಟಿರುತ್ತೇನೆ. ಮೂಲ ಪುಸ್ತಕ ನೋಡಲೇಬೇಕೆಂದರೆ ಮನೆಗೇ ಬರಬೇಕು, ದಾದಿ ಅದನ್ನು ಹೊರಗೆ ಒಯ್ಯಲು ಬಿಡುವುದಿಲ್ಲ.